ಕೋಟಿ ಸಾಹೇಬರ ಕೊನೆಯ ಪ್ರಶ್ನೆ

ನಮ್ಮ ಕಂಪನಿಯ ಸರ್ವರ್ ವಿಭಾಗಕ್ಕೆ ಒಬ್ಬ ಲೀಡ್ ಡೆವಲಪರ್ ಬೇಕೆಂದು ಸಾಹೇಬರು ಎರಡು ವರ್ಷದಿಂದ ಹುಡುಕುತ್ತಿದ್ದಾರೆ. ಇಷ್ಟು ಹುಡುಕಿದ್ದರೆ ಮೂರು ಹೆಣ್ಣುಮಕ್ಕಳಿಗೆ ಗಂಡು ಸಿಗುತ್ತಿತ್ತು. ಬಂದವರ ಕೈಗೆ ಮಾರ್ಕರ್ ಕೊಟ್ಟು, ಕುರ್ಚಿಗೊರಗಿ, "ಒಂದು ಕೋಟಿ ಜನ ಒಟ್ಟಿಗೇ ಲಾಗಿನ್ ಆದ್ರೆ ಏನ್ ಮಾಡ್ತೀರಿ?" ಎನ್ನುತ್ತಾರೆ. ಅದಕ್ಕೇ ನಾವಿಟ್ಟ ಹೆಸರು ಕೋಟಿ ಸಾಹೇಬರು. ನಮ್ಮ ಆ್ಯಪಿಗಿರುವುದು ನಾನೂರು ಗಿರಾಕಿಗಳು, ಅದರಲ್ಲಿ ಅರ್ಧದಷ್ಟು ಜನ ಪಾಸ್‌ವರ್ಡ್ ಮರೆತವರು. ಬೋರ್ಡಿನ ತುಂಬ ಉತ್ತರ ಬರೆದು ಬೆವರು ಒರೆಸಿಕೊಂಡವರಿಗೂ "ಆಳ ಸಾಲ್ದು" ಎನ್ನುತ್ತಾರೆ. ತಾವು ನೀರಿಗಿಳಿದು ಎಷ್ಟು ಕಾಲವಾಯಿತೋ! ಅದನ್ನೂ ದಾಟಿದವರಿಗೆ ಕೊನೆಯ ಪ್ರಶ್ನೆ ಕಾದಿರುತ್ತದೆ. ಕಂಪನಿಯ ಹಳೆಯ ಕೋಡನ್ನು ಪರದೆಯ ಮೇಲೆ ತೆರೆದು, "ಇದನ್ನ ಏನ್ ಮಾಡ್ತೀರಿ?" ಎಂದು ಮೆಲ್ಲಗೆ ಕೇಳುತ್ತಾರೆ. "ಬುಡಸಮೇತ ಕಿತ್ತು ಹೊಸದಾಗಿ ಬರೀಬೇಕು ಸಾರ್" ಎಂದು ಪ್ರಾಮಾಣಿಕರೆಲ್ಲ ಹೇಳುತ್ತಾರೆ, ಹೇಳಿ ಮನೆ ದಾರಿ ಹಿಡಿಯುತ್ತಾರೆ. ಮೊನ್ನೆ ಆ ಕೋಡನ್ನು ನಾನೇ ಕೂತು ಓದಿದೆ. ಬರೆದವರು ಸಾಹೇಬರೇ. ನಡುವೆ ಒಂದು ಕಡೆ ಕೆಲಸ ಅರ್ಧಕ್ಕೇ ನಿಂತಿದೆ, ಅಲ್ಲೊಂದು ಟಿಪ್ಪಣಿ ಇದೆ: "ಮಗಳು ಹುಟ್ಟಿದಳಂತೆ, ಆಸ್ಪತ್ರೆಗೆ ಓಡ್ತಿದೀನಿ. ಉಳಿದದ್ದು ನಾಳೆ." ಆ ಮಗಳೀಗ ಒಂಬತ್ತನೇ ತರಗತಿಯಲ್ಲಿದ್ದಾಳೆ, ಉಳಿದದ್ದು ಇನ್ನೂ ಉಳಿದೇ ಇದೆ.