ಹೊಳೆಗೆ ಬಿಟ್ಟ ಹಲ್ಲುಪುಡಿ

ಅವರ ಬಲಗಾಲಿನ ಚಪ್ಪಲಿ ಎಡಗಾಲಿನದಕ್ಕಿಂತ ಬೇಗ ಸವೆಯುತ್ತಿತ್ತು. ದಾವಣಗೆರೆ ಪೇಟೆಯ ಆ ಹಲ್ಲಿನ ಡಾಕ್ಟರು ದರ್ಜಿಯವರ ಹಾಗೆ ದಿನವಿಡೀ ಕಾಲಲ್ಲಿ ತುಳಿದೇ ಹಲ್ಲು ಉಜ್ಜಿ ಸವೆಸುವ ಯಂತ್ರ ಓಡಿಸುತ್ತಿದ್ದರು. ಸರದಿ ಕಾಯುತ್ತ ಬೆಂಚಿನ ಮೇಲೆ ಕುಳಿತ ನಾನು ಆ ಚಪ್ಪಲಿಯನ್ನೇ ನೋಡುತ್ತಿದ್ದೆ.

ಅರವತ್ತರ ದಶಕದ ಆರಂಭ, ನನಗೆ ಒಂಬತ್ತು ವರ್ಷ. ಹಾಲುಹಲ್ಲು ಬಿದ್ದ ಜಾಗದಲ್ಲಿ ಬಂದ ಮೇಲ್ದವಡೆಯ ಮುಂದಿನ ಹಲ್ಲಿನ ಹಿಂಬದಿಗೆ, ಕೋಳಿಯ ಉಗುರಿನಂತೆ ಒಂದು ಕೊಕ್ಕೆ ಬೆಳೆದಿತ್ತು. ಬಾಯಿ ಪೂರ್ತಿ ಮುಚ್ಚುತ್ತಿರಲಿಲ್ಲ. ರೊಟ್ಟಿ ಅಗಿದರೆ ನಾಲಿಗೆ ಕೆರೆದು ಉರಿ. ನಾವಿದ್ದದ್ದು ಭಾನುವಳ್ಳಿಯ ಅಜ್ಜಿಯ ಮನೆಯಲ್ಲಿ. ಕೂಸಿಗೆ ಮೇಲಿನ ಹಲ್ಲು ಮೊದಲು ಬಂದರೆ ಸೋದರಮಾವನಿಗೆ ಕೇಡು ಅನ್ನುತ್ತಾರಲ್ಲ, ಅಜ್ಜಿ ಅದನ್ನು ಇದಕ್ಕೂ ಅಂಟಿಸಿದಳು. "ನನ್ ಮಗನ್ನ ತಿಂತದೆ ಅದು. ಕೀಳಿಸಿ ಹೊಳಿಗೆ ಬಿಟ್ಟು ಬರ್ರಿ" ಎಂದಳು.

ಕೀಳಿಸಲೆಂದೇ ಮಾವ ನನ್ನನ್ನು ಕರೆತಂದ. ನನಗೋ ಜೀವ ಬಾಯಿಗೆ ಬಂದಿತ್ತು. ಮುಂದಿನ ಹಲ್ಲೇ ಹೋದರೆ ಶಾಲೆಯಲ್ಲಿ ಬಾಳಗೊಡುತ್ತಿದ್ದರೇ?

ಡಾಕ್ಟರು ಪುಟ್ಟ ಕನ್ನಡಿ ಇಟ್ಟು ನೋಡಿದವರು "ಅಬ್ಬಾ!" ಎಂದು ಎದ್ದೇ ನಿಂತರು. ಬೀರುವಿನಿಂದ ದಪ್ಪ ಪುಸ್ತಕ ತೆಗೆದು ಚಿತ್ರ ಹುಡುಕಿದರು. "ಓದಿದ್ದೆ, ಕಣ್ಣಾರೆ ಕಂಡಿದ್ದು ಇದೇ ಮೊದ್ಲು. ನೋಡವ್ವ, ನಿಂದೇ ಹಲ್ಲು!" ಹೆದರಿಕೆ ಎಲ್ಲಿ ಹೋಯಿತೋ. ನನ್ನ ಬಾಯೊಳಗಿನದು ಪುಸ್ತಕದಲ್ಲೂ ಇದೆಯಲ್ಲ!

"ಕೀಳಾದು ಬ್ಯಾಡ್ರಿ" ಎಂದರು ಮಾವನಿಗೆ. "ಕೊಕ್ಕಿ ಒಳಗೂ ಜೀವ ಐತೆ. ಒಂದೇ ಸಲ ಪೂರ್ತಿ ಉಜ್ಜಿ ತೆಗೆದ್ರೆ ಹಲ್ಲು ಸಾಯ್ತದೆ. ಚೂರು ಉಜ್ಜಿ ಎರಡು ತಿಂಗಳು ಬಿಟ್ರೆ, ಒಳಗಿನ ಜೀವ ಗ್ವಾಡಿ ಕಟ್ಕಂಡು ಹಿಂದಕ್ಕೆ ಸರೀತದೆ. ಹಲ್ಲಿಗೂ ಪುರುಸೊತ್ತು ಕೊಡ್ಬೇಕ್ರಿ."

"ಹೊಳಿಗೆ ಏನು ಬಿಡ್ಲಿ? ಅವ್ವ ಕೇಳ್ತಾಳೆ!" ಮಾವ ಗೋಳಾಡಿದ.

ಡಾಕ್ಟರು ನಗಲಿಲ್ಲ. "ಉಜ್ಜಿದ ಪುಡಿ ಕಟ್ಟಿ ಕೊಡ್ತೀನಿ. ಪ್ರತೀ ಸಲ ಅದನ್ನೇ ಬಿಡ್ರಿ."

ಹಾಗೆ ಎರಡು ತಿಂಗಳಿಗೊಮ್ಮೆ ಹೋದೆವು. ಯಂತ್ರದ ಗುರ್ ಸದ್ದು, ಅವರ ಬೆರಳಿನ ಲವಂಗದೆಣ್ಣೆ ವಾಸನೆ, ಕೊನೆಗೆ ಕಾಗದದ ಪೊಟ್ಟಣ. ವಾಪಸು ಬರುವಾಗ ಮಾವ ಹರಿಹರದಲ್ಲಿ ಬಸ್ಸಿಳಿದು, ಹೊಳೆಯ ದಂಡೆಯಲ್ಲಿ ಚಪ್ಪಲಿ ಕಳಚಿ, ಪುಡಿ ಬಿಟ್ಟು ಕೈಮುಗಿಯುತ್ತಿದ್ದ.

ಮೂರನೆಯ ಸಲ ನನಗೆ ಅನುಮಾನ ಬಂತು. ಉಜ್ಜಿದ್ದನ್ನೆಲ್ಲ ಎಂಜಲಿನ ಜೊತೆ ಉಗುಳಿದ್ದೆನಲ್ಲ! ಮಾವ ಹೊರಗಿದ್ದಾಗ ಕೇಳಿಯೇಬಿಟ್ಟೆ: "ಪೊಟ್ಟಣದಾಗೆ ಏನೈತ್ರಿ?"

"ಅಂಗಡಿ ಹಲ್ಲುಪುಡಿ ಕಣವ್ವ" ಎಂದು ಪಿಸುಗುಟ್ಟಿದರು. "ಇಷ್ಟು ದಿನ ಬಾಯಿ ತೆಗಿ ಅಂದೆ. ಇದೊಂದಕ್ಕೆ ಮುಚ್ಕ."

ಮುಚ್ಚಿಕೊಂಡೆ. ವರ್ಷ ಕಳೆಯುವುದರೊಳಗೆ ಕೊಕ್ಕೆ ನುಣ್ಣಗಾಯಿತು, ರೊಟ್ಟಿ ಸಲೀಸಾಗಿ ಇಳಿಯಿತು, ಮಾವನೂ ಗುಂಡುಕಲ್ಲಿನಂತಿದ್ದ.

ಡಾಕ್ಟರು ತೀರಿಕೊಂಡಾಗ ನಾನು ಹೈಸ್ಕೂಲಿನಲ್ಲಿದ್ದೆ. ಮಾವನ ಜೊತೆ ಅವರ ಮನೆಗೆ ಹೋದೆ. ಬಾಗಿಲ ಬಳಿ ಅವರ ಚಪ್ಪಲಿ ಇತ್ತು, ಬಲಗಾಲಿನದು ತೆಳ್ಳಗೆ. ಅದನ್ನು ಕಂಡು ಅಳು ತಡೆಯಲಾಗಲಿಲ್ಲ.

ಬರುವಾಗ ಮಾವ ಹರಿಹರದಲ್ಲಿ ಇಳಿದ. ಪೊಟ್ಟಣವಿಲ್ಲದೆ ಬರಿಗೈಯಲ್ಲಿ ಹೊಳೆಗೆ ಹೋಗಿ ಕೈಮುಗಿದ. ಗುಟ್ಟು ಇನ್ನು ನನ್ನ ಹೊಟ್ಟೆಯಲ್ಲಿ ನಿಲ್ಲಲಿಲ್ಲ, ಹೇಳಿಬಿಟ್ಟೆ.

"ಗೊತ್ತಿತ್ತು ಬಿಡು" ಎಂದ ಮಾವ. "ಮೊದಲ್ನೇ ಪೊಟ್ಟಣ ಬಿಚ್ಚಿದಾಗ್ಲೇ ಘಮ ಅಂತು. ಅವ್ವಗೆ ಹೇಳಾಕೆ ನಂಗೊಂದು ಮಾತು ಬೇಕಿತ್ತು, ನಿಂಗೆ ಹಲ್ಲು ಬೇಕಿತ್ತು. ಎರಡೂ ಉಳಿಸಿಕೊಟ್ರು ಪುಣ್ಯಾತ್ಮ್ರು."

ನನಗೀಗ ಮೊಮ್ಮಕ್ಕಳು. ಅಕ್ಕಪಕ್ಕದ ಹಲ್ಲುಗಳೆಲ್ಲ ಹೋದವು, ಆ ಹಲ್ಲು ಉಳಿದಿದೆ. ತಣ್ಣೀರು ತಾಗಿದರೆ ಜುಮ್ಮೆನ್ನುತ್ತದೆ. ಅದರೊಳಗೆ ಇನ್ನೂ ಜೀವ ಇದೆ.