ಇಳಿಜಾರಿನಲ್ಲಿ ಎರಡು ರಸ್ತೆ

ಹೊಸನಗರದ ಬಸ್ ನಿಲ್ದಾಣದಲ್ಲಿ ಡ್ರೈವರ್ ಧರ್ಮಪ್ಪನನ್ನು ಯಾರಾದರೂ ದೂರದಿಂದಲೇ ಗುರುತಿಸುತ್ತಿದ್ದರು. ಎಡಗಣ್ಣಿನ ರೆಪ್ಪೆ ವರ್ಷದಿಂದ ವರ್ಷಕ್ಕೆ ಜೋತು ಬಿದ್ದಿದ್ದರಿಂದ, ಗದ್ದ ಮೇಲೆತ್ತಿ ರೆಪ್ಪೆಯ ಸಂದಿಯಿಂದ ರಸ್ತೆ ನೋಡುವುದು ಅವನಿಗೆ ರೂಢಿಯಾಗಿತ್ತು. ಗುರುತಿಲ್ಲದವರು ಸೊಕ್ಕಿನವನೆಂದುಕೊಳ್ಳುತ್ತಿದ್ದರು. ಇಪ್ಪತ್ತೆರಡು ವರ್ಷ ಘಾಟಿ ಇಳಿದು ಹತ್ತಿದರೂ ಅವನ ಬಸ್ಸಿಗೆ ಒಂದು ಗೀರು ಬಿದ್ದಿರಲಿಲ್ಲ. ಆದರೆ ಲೈಸೆನ್ಸ್ ನವೀಕರಣಕ್ಕೆ ಹೋದಾಗ ತಪಾಸಣೆಯ ವೈದ್ಯರು, "ಮೊದಲು ರೆಪ್ಪೆ ಎತ್ತಿಸ್ಕೊಂಡು ಬಾ, ಆಮೇಲೆ ಸಹಿ" ಎಂದರು.

ಆಪರೇಷನ್ ಆಯಿತು. ಕಟ್ಟು ಬಿಚ್ಚಿದಾಗ ಹೆಂಡತಿ ಕುಮುದಾ, "ಮದ್ವೆ ದಿನ ಇದ್ದಂಗೆ ಆಗಿದೀರಿ" ಎಂದು ನಕ್ಕಳು.

ಅದೇ ರಾತ್ರಿ ಊಟಕ್ಕೆ ಕುಳಿತಾಗ, ತಟ್ಟೆಯ ಪಕ್ಕ ಇನ್ನೊಂದು ತಟ್ಟೆ ಕಂಡಿತು. ತಲೆಯೆತ್ತಿದರೆ ಕುಮುದಾ ಒಬ್ಬಳೇ. ಕಣ್ಣು ಕೆಳಗಿಳಿಸಿದರೆ ಅನ್ನ ಎರಡು ಕಡೆ. ಹೊಲಿಗೆಯ ಬಾವು ಇರಬೇಕೆಂದು ಸುಮ್ಮನಾದ. ಮರುದಿನದಿಂದ ಅಂಗಳದ ಮೆಟ್ಟಿಲು ಇಳಿಯುವಾಗ ಒಂದು ಕಣ್ಣನ್ನು ಅಂಗೈಯಿಂದ ಮುಚ್ಚಿ ನೋಡುವುದು, ತೆರೆದು ನೋಡುವುದು ಶುರುವಾಯಿತು.

ಮರುಭೇಟಿಯಲ್ಲಿ ಆಪರೇಷನ್ ಮಾಡಿದ ವೈದ್ಯರು ನೇರವಾಗಿ ನೋಡಹೇಳಿ, "ಎಲ್ಲ ಸರಿ ಇದ್ಯಾ?" ಎಂದು ಕೇಳಿದರು. ಸಹಿ ತಪ್ಪೀತೆಂಬ ಭಯಕ್ಕೆ ಧರ್ಮಪ್ಪ, "ಸರಿ ಇದೆ ಸಾರ್" ಎಂದುಬಿಟ್ಟ. ಲೈಸೆನ್ಸಿಗೆ ಸಹಿಯೂ ಬಿತ್ತು. ಸಾಗರದ ಕಡೆಗೆ ಖಾಲಿ ಬಸ್ಸು ಓಡಿಸಿಯೂ ನೋಡಿದ. ಸಮತಟ್ಟಿನಲ್ಲಿ ರಸ್ತೆ ಒಂದೇ ಇತ್ತು. ಆದರೂ ಮನಸ್ಸು ನಿಲ್ಲಲಿಲ್ಲ.

ಸೋಮವಾರ ಕುಂದಾಪುರದ ಟ್ರಿಪ್ಪಿಗೆ ಹೊರಟ. ಮಾಸ್ತಿಕಟ್ಟೆ ದಾಟಿದ ಮೇಲಿನ ಸಣ್ಣ ಇಳಿಜಾರಿನಲ್ಲಿ ಬಿಳಿ ಗೆರೆ ಎರಡಾಯಿತು. ಗಾಬರಿಯಿಂದ ಎಡಗಣ್ಣು ಮುಚ್ಚಿದ. ಯಾವಾಗಲೂ ಮುಂದಿನ ಸೀಟಿನಲ್ಲೇ ಕೂರುವ ಜಲಜಮ್ಮ ಅದನ್ನು ಕನ್ನಡಿಯಲ್ಲಿ ಕಂಡರು.

"ಎಂತ ಮಾರಾಯ, ಈ ವಯಸ್ಸಲ್ಲಿ ಯಾರಿಗೆ ಕಣ್ ಹೊಡೀತಿದೀಯ?"

"ರೆಪ್ಪೆ ಹೊಸ್ದಲ್ವಾ, ಪ್ರಾಕ್ಟೀಸ್ ಮಾಡ್ತಿದಾರೆ" ಎಂದ ಕಂಡಕ್ಟರ್ ರಾಜು. ಬಸ್ಸೆಲ್ಲ ನಕ್ಕಿತು. ಧರ್ಮಪ್ಪನೂ ನಕ್ಕ, ನಕ್ಕು ಬಸ್ಸಿನ ವೇಗ ತಗ್ಗಿಸಿದ.

ಘಾಟಿಗೆ ಮುನ್ನ ಅಮ್ಮನವರ ಗುಡಿಯೆದುರು ನಿಲ್ಲದೆ ಯಾವ ಗಾಡಿಯೂ ಇಳಿಯುವುದಿಲ್ಲ. ರಾಜು ಇಳಿದು ಕೈಮುಗಿದು ಬಂದು, ಕನ್ನಡಿಗೆ ಕುಂಕುಮ ಹಚ್ಚಿ, "ಹೋಗಣ ಅಣ್ಣ" ಎಂದ.

ಧರ್ಮಪ್ಪ ಕೆಳಗೆ ನೋಡಿದ. ತಿರುವು ಎರಡಿತ್ತು. ಲಾರಿ ಎರಡು ಹತ್ತಿ ಬರುತ್ತಿದ್ದವು. ಒಂದು ಕಣ್ಣು ಮುಚ್ಚಿಯೇ ಇಳಿದುಬಿಡಲೇ? ಹನ್ನೆರಡು ಕಿಲೋಮೀಟರು, ಹಿಂದೆ ನಲವತ್ತು ಜನ. ಗೇರಿನ ಮೇಲೆ ಕೈ ಹೋಯಿತು, ಹಿಂದೆ ಬಂತು. ಇಂಜಿನ್ ಆರಿಸಿ, ಕೀಲಿ ತೆಗೆದು ರಾಜುವಿನ ಕೈಯಲ್ಲಿಟ್ಟ.

"ಹಿಂದೆ ಬರೋ ಬಸ್ಸಿಗೆ ಜನರನ್ನ ಹತ್ಸು."

"ಗಾಡಿಗೆ ಎಂತ ಆಯ್ತಣ್ಣ?"

"ಗಾಡಿ ಸರಿ ಇದೆ. ನಂಗೇ ಎರಡೆರಡು ಕಾಣ್ತಿದೆ."

ಜಲಜಮ್ಮ ಇಳಿಯುವಾಗ ಅವನ ಭುಜ ಮುಟ್ಟಿದರು. "ನಾ ತಮಾಷೆಗೆ ಅಂದಿದ್ದು ಮಾರಾಯ."

"ಗೊತ್ತಮ್ಮ. ನೀವಾದ್ರೂ ನೋಡಿದ್ರಲ್ಲ."

ಈ ಸಲ ಅವನು ವೈದ್ಯರಿಗೆ ಎಲ್ಲವನ್ನೂ ಹೇಳಿದ. ರೆಪ್ಪೆ ಎತ್ತುವಾಗ, ಕಣ್ಣನ್ನು ಕೆಳಗಿಳಿಸುವ ಸಣ್ಣ ಸ್ನಾಯುವಿಗೆ ಪೆಟ್ಟಾಗಿದೆಯೆಂದೂ, ಹೀಗಾಗುವುದು ಬಲು ಅಪರೂಪವೆಂದೂ ಅವರು ತಿಳಿಸಿದರು. ಆರು ತಿಂಗಳು ಕಾಯಬೇಕು. ಸರಿಹೋಗದಿದ್ದರೆ ಬೇರೆ ಕನ್ನಡಕ, ಇಲ್ಲವೇ ಇನ್ನೊಂದು ಆಪರೇಷನ್. ಅಲ್ಲಿಯವರೆಗೆ ಸ್ಟೀರಿಂಗ್ ಮುಟ್ಟಕೂಡದು.

ಈಗ ಧರ್ಮಪ್ಪ ನಿಲ್ದಾಣದಲ್ಲಿ ಬಸ್ಸುಗಳ ಹೊತ್ತು ಕೂಗುತ್ತಾನೆ. ಗದ್ದವನ್ನು ಎದೆಗೆ ತಾಗಿಸಿದರೆ ಎಲ್ಲ ಒಂದೇ ಆಗಿ ಕಾಣುವುದರಿಂದ ತಲೆ ತಗ್ಗಿಸಿಯೇ ನಡೆಯುತ್ತಾನೆ. ಗುರುತಿಲ್ಲದವರು ಈಗ ಅವನನ್ನು ಬಲು ವಿನಯವಂತನೆನ್ನುತ್ತಾರೆ. ಕುಂದಾಪುರದ ಬಸ್ಸು ಹೊರಟೊಡನೆ ಅವನು ನಿಲ್ದಾಣದ ಮೆಟ್ಟಿಲ ಮೇಲೆ ನಿಂತು, ತಲೆ ನೆಟ್ಟಗಿಟ್ಟು, ಕಣ್ಣನ್ನಷ್ಟೇ ಕೆಳಗಿಳಿಸಿ ಒಂದೊಂದೇ ಮೆಟ್ಟಿಲು ಇಳಿಯುತ್ತಾನೆ. ಮೊನ್ನೆ ಎರಡಾಗಿ ಕಾಣುವ ಮೆಟ್ಟಿಲು ಒಂದಕ್ಕೊಂದು ಚೂರು ಹತ್ತಿರ ಬಂದಂತೆ ಕಂಡಿತು. ನಂಬಿಕೆ ಬರಲಿಲ್ಲ. ಮತ್ತೆ ಮೇಲೆ ಹತ್ತಿ, ಮೊದಲಿನಿಂದ ನೋಡತೊಡಗಿದ.