ವಾಲ್ಸಿನ್‌ನ ಮೂಗು, ನನ್ನ ಮುಚ್ಚಳ

ನನ್ನ ತಮ್ಮ ವಾಲ್ಸಿನ್‌ಗೆ ದೇವರು ಎರಡು ವಸ್ತುಗಳನ್ನು ಧಾರಾಳವಾಗಿ ಕೊಟ್ಟಿದ್ದಾನೆ. ಒಂದು ಮೂಗು, ಇನ್ನೊಂದು ಆ ಮೂಗಿನ ಬಗ್ಗೆ ಜಂಬ. ಹೊಟ್ಟೆಯನ್ನು ಮಾತ್ರ ಅವನೇ ಕಷ್ಟಪಟ್ಟು ಬೆಳೆಸಿಕೊಂಡ. ಲೂಸಿಯಾನಾದ ನಮ್ಮ ಬಾಯೂ ಎಂದರೆ ಹರಿಯುವುದಕ್ಕೂ ಸೋಮಾರಿತನ ಮಾಡುವ ಹೊಳೆ. ಅದರ ಮೇಲಿನ ಸೇತುವೆಯನ್ನು ಅವನು ಮೂವತ್ತೊಂದು ವರ್ಷ ಕಾದ. ಸೀಗಡಿ ದೋಣಿ ಬಂದು ಕೂಗು ಹಾಕಿದರೆ ಸೇತುವೆ ಎತ್ತಬೇಕು, ದೋಣಿ ದಾಟಿದ ಮೇಲೆ ಇಳಿಸಬೇಕು. ಆ ಕೆಲಸಕ್ಕಾಗಿ ಅವನನ್ನು ಯಾರಾದರೂ ಹೊಗಳಿದ್ದು ನನಗೆ ನೆನಪಿಲ್ಲ. ಹೊಗಳಿಕೆಯೆಲ್ಲ ಬಂದದ್ದು ರಜೆಯ ದಿನ ಅವನು ಮಾಡುತ್ತಿದ್ದ ಜಂಬಲಾಯ ಎಂಬ ಮಾಂಸದನ್ನಕ್ಕೆ.

ಮದುವೆಯಿರಲಿ, ಚರ್ಚಿನ ಹಬ್ಬವಿರಲಿ, ಯಾರದ್ದಾದರೂ ಮನೆ ಬಿರುಗಾಳಿಗೆ ಹಾರಿಹೋಗಿ ಹೊಸ ಸೂರು ಹಾಕುವುದಿರಲಿ, ವಾಲ್ಸಿನ್ ತನ್ನ ಕಬ್ಬಿಣದ ಕೊಪ್ಪರಿಗೆ ಹೇರಿಕೊಂಡು ಹೊರಡುತ್ತಿದ್ದ. ಅದು ನಮ್ಮಪ್ಪನ ಕೊಪ್ಪರಿಗೆ. ಹಿರಿಯಳು ನಾನಾದರೂ ಅಪ್ಪ ಅದನ್ನು ಕೊಟ್ಟದ್ದು ಅವನಿಗೆ. ನನಗೆ ಹೊಲಿಗೆ ಯಂತ್ರ ಕೊಟ್ಟರು. ನನಗೆ ಹೊಲಿಗೆ ಬರುವುದಿಲ್ಲ ಎಂದು ಅಪ್ಪನಿಗೆ ಚೆನ್ನಾಗಿ ಗೊತ್ತಿತ್ತು.

ಅವನ ಅಡುಗೆ ನೋಡಬೇಕು. ಹಂದಿಯ ಕೊಬ್ಬು ಕರಗಿಸಿ, ಮಾಂಸದ ತುಂಡುಗಳನ್ನು ಹಾಕಿ, ತಳ ಹಿಡಿಯುವವರೆಗೆ ಹುರಿಯುತ್ತಾನೆ. ಹಿಡಿಯಿತು ಅನ್ನುವಾಗ ಒಂದು ಚೊಂಬು ನೀರು ಚಿಮುಕಿಸಿ ದೋಣಿಯ ಹುಟ್ಟಿನಂಥ ಮರದ ಸೌಟಿನಿಂದ ಕೆರೆಯುತ್ತಾನೆ, ಮತ್ತೆ ಹಿಡಿಯಲು ಬಿಡುತ್ತಾನೆ, ಮತ್ತೆ ಕೆರೆಯುತ್ತಾನೆ. ಅನ್ನಕ್ಕೆ ಕಂದು ಬಣ್ಣ ಬರುವುದು ಹಾಗೆ. ಟೊಮೆಟೊ ಹಾಕಿ ಕೆಂಪು ಮಾಡುವ ನ್ಯೂ ಆರ್ಲಿಯನ್ಸ್‌ನವರನ್ನು ನೆನೆದರೆ ಅವನು ಉಗುಳುತ್ತಾನೆ, ಕೊಪ್ಪರಿಗೆಯಿಂದ ದೂರ ಹೋಗಿ. ಆಮೇಲೆ ಬುಟ್ಟಿಗಟ್ಟಲೆ ಈರುಳ್ಳಿ, ದೊಣ್ಣೆ ಮೆಣಸಿನಕಾಯಿ, ಬೆಳ್ಳುಳ್ಳಿ, ಹೊಗೆ ಹಾಕಿದ ಸಾಸೇಜು, ನೀರು, ಖಾರ. ಕೊನೆಗೆ ಅಕ್ಕಿ. ಅಕ್ಕಿ ಕುದಿ ಬಂದ ಮೇಲೆ ಬೆಂಕಿ ತಗ್ಗಿಸಿ ಮುಚ್ಚಳ ಹಾಕಿದನೆಂದರೆ ಮುಗಿಯಿತು. ಅರ್ಧ ಗಂಟೆ ಬಿಷಪ್ಪರೇ ಬಂದರೂ ಮುಚ್ಚಳ ಎತ್ತುವ ಹಾಗಿಲ್ಲ. ಹಬೆ ಹೋದರೆ ಅಕ್ಕಿ ಅರೆಬೆಂದು ಉಳಿಯುತ್ತದೆ.

"ಮುಚ್ಚಳ ಬಿದ್ದ ಮೇಲೆ ಕಣ್ಣಿಗೆ ರಜೆ, ಮೂಗಿಗೆ ಕೆಲಸ" ಎನ್ನುತ್ತಿದ್ದ. ಕುರ್ಚಿ ಹಾಕಿಕೊಂಡು ಗಾಳಿಗೆ ಎದುರಾಗಿ ಮೂಗೆತ್ತಿ ಕೂರುತ್ತಿದ್ದ. ತಳ ಸೀಯುವ ಮುನ್ನವೇ ಅವನಿಗೆ ಗೊತ್ತಾಗಿಬಿಡುತ್ತಿತ್ತು, ಕಾಲಿನಿಂದ ಒಂದು ಕೊಳ್ಳಿ ಆಚೆ ತಳ್ಳುತ್ತಿದ್ದ. ದಿನಕ್ಕೆ ಹತ್ತು ಸಲ ಸೇತುವೆ ಎತ್ತಿದವನು ನಲವತ್ತು ವರ್ಷದಲ್ಲಿ ಒಂದು ಸಲವೂ ಹೊತ್ತಿಗೆ ಮುಂಚೆ ಮುಚ್ಚಳ ಎತ್ತಲಿಲ್ಲ.

ಎತ್ತಿದ್ದು ನಾನು. ಮೂವತ್ತಮೂರು ವರ್ಷದ ಹಿಂದೆ, ಚರ್ಚಿನ ಹಬ್ಬದಲ್ಲಿ, ಟೆಕ್ಸಾಸ್‌ನಿಂದ ಬಂದ ನೆಂಟರಿಗೆ ತೋರಿಸೋಣ ಎಂದು. ಅವತ್ತು ಇನ್ನೂರು ಜನ ಹಲ್ಲಿಗೆ ಸಿಕ್ಕುವ ಅಕ್ಕಿ ತಿಂದರು. ಅಂದಿನಿಂದ ನಾನು ಊರಿಗೆಲ್ಲ 'ಮುಚ್ಚಳದ ಯುಲಾಲಿ'. ಪಾಪನಿವೇದನೆಗೆ ಹೋದರೆ ಪಾದ್ರಿ ಕೂಡ "ಮುಚ್ಚಳ ಬಿಟ್ಟು ಬೇರೇನಾದ್ರೂ ಇದ್ಯಾ?" ಎಂದು ಕೇಳಿದ್ದಾರೆ. ಕೊಪ್ಪರಿಗೆಯ ಹತ್ತು ಹೆಜ್ಜೆ ಆಚೆಗೆ ವಾಲ್ಸಿನ್ ತನ್ನ ಸೌಟಿನಿಂದ ನೆಲದ ಮೇಲೆ ಗೆರೆ ಎಳೆಯುತ್ತಿದ್ದ. ಅದನ್ನು ನಾನು ದಾಟಬಾರದು.

ಈ ಜನವರಿಯಲ್ಲಿ ಅವನಿಗೆ ಜ್ವರ ಬಂದು ಎರಡು ವಾರ ಮಲಗಿದ. ಎದ್ದ ಮೇಲೆ ಒಂದು ಬೆಳಿಗ್ಗೆ ನಾನು ಹೋದರೆ, ಒಲೆಯ ಮೇಲೆ ಹಾಲು ಸೀದು ಇದ್ದಿಲಾಗಿದೆ, ಅಡುಗೆಮನೆ ತುಂಬ ಕಮರು ವಾಸನೆ. ಇವನು ಪಕ್ಕದ ಕೋಣೆಯಲ್ಲಿ ಆರಾಮಾಗಿ ಪೇಪರ್ ಓದುತ್ತಿದ್ದಾನೆ. ನನಗೆ ಅನುಮಾನ ಬಂತು. ಬಾಯಿಬಿಟ್ಟು ಕೇಳಿದರೆ ಒಪ್ಪುವ ಜಾತಿಯಲ್ಲ. ಏಡಿ ಹಿಡಿಯಲು ಇಟ್ಟಿದ್ದ ಕೋಳಿ ಕತ್ತುಗಳು ನನ್ನ ಹಿತ್ತಿಲಲ್ಲಿ ಮೂರು ದಿನದಿಂದ ಬಿಸಿಲು ಕಾಯುತ್ತಿದ್ದವು. ಆ ಬಕೆಟನ್ನು ತಂದು ಜಗಲಿಯಲ್ಲಿ ಅವನ ಕುರ್ಚಿಯ ಕೆಳಗಿಟ್ಟೆ. ಅವನು ಅದರ ಮೇಲೆ ಕೂತು ಒಂದು ಗಂಟೆ ಸೇತುವೆಯ ಕಥೆ ಹೇಳಿದ. ಅವನ ನಾಯಿ ಎದ್ದು ಪಕ್ಕದ ಮನೆಗೆ ಹೋಯಿತು.

ನಾನು ಬಕೆಟ್ ಹೊರಗೆಳೆದು ತೋರಿಸಿದೆ. ಅವನ ಮುಖ ಇಳಿಯಿತು.

"ಯಾವಾಗಿಂದ ಕಣೋ?" ಎಂದೆ.

"ಜ್ವರ ಬಿಟ್ಟಾಗಿಂದ ವಾಸನೆ ಗೊತ್ತಾಗ್ತಿಲ್ಲ. ವಾಪಸ್ ಬಂದ್ರೂ ಬರಬಹುದು, ಬರದೇನೂ ಇರಬಹುದು ಅಂದ್ರು ಡಾಕ್ಟ್ರು. ಅಕ್ಕಾ, ಯಾರಿಗೂ ಹೇಳ್ಬೇಡ ಕಣೇ."

"ಏಪ್ರಿಲ್‌ನಲ್ಲಿ ಎಲೋಡಿ ಮದ್ವೆ ಇದೆ."

"ಮೊಮ್ಮಗಳ ಮದ್ವೆಗೆ ನಾನಲ್ದೆ ಇನ್ಯಾರು ಮಾಡ್ತಾರೆ? ನಾರ್ಬರ್ಟಾ?"

ನಾರ್ಬರ್ಟ್ ಅವನ ಅಳಿಯ, ಎಲೋಡಿಯ ಅಪ್ಪ. ಒಳ್ಳೆಯ ಮನುಷ್ಯ, ಆದರೆ ಹೊಳೆಯುವ ಗ್ಯಾಸ್ ಒಲೆಯನ್ನೂ ಮೊಳದುದ್ದದ ಥರ್ಮಾಮೀಟರನ್ನೂ ಕೊಂಡು ಎರಡು ವರ್ಷದಿಂದ ಸರದಿ ಕಾಯುತ್ತಿದ್ದ. ಮಾವ ಒಂದು ಸಲ ಎಡವಿದರೆ ಸಾಕಿತ್ತು.

"ಮತ್ತೆ ಹೇಗ್ ಮಾಡ್ತೀಯ?"

"ಗಡಿಯಾರ ನೋಡ್ಕೊಂಡು."

"ನಾನು ಪಕ್ಕದಲ್ಲಿ ನಿಂತ್ಕೋತೀನಿ."

"ನೀನಾ! ಸತ್ರೂ ಬೇಡ. ಮುಚ್ಚಳದ ಯುಲಾಲಿ ಸಹಾಯ ತಗೊಂಡ ಅಂದ್ರೆ ಅಪ್ಪ ಗೋರಿಯಿಂದ ಎದ್ದು ಬರ್ತಾನೆ. ಗೆರೆಯಿಂದಾಚೆ ನೀನು, ಈಚೆ ನಾನು."

ನಗು ಬಂದರೂ ಮನೆಗೆ ಹೋಗಿ ಅತ್ತೆ. ಹೆಂಡತಿ ತೀರಿಕೊಂಡ ಮೇಲೆ ಆ ಮನೆಗೆ ಫೋನ್ ಬರುತ್ತಿದ್ದದ್ದೇ ಕೊಪ್ಪರಿಗೆಗಾಗಿ. ಅದೂ ಹೋದರೆ ಅವನನ್ನು ಕರೆಯುವವರು ಯಾರು?

ಮದುವೆಯ ದಿನ ಚರ್ಚಿನ ಹಿಂದಿನ ಓಕ್ ಮರದ ಕೆಳಗೆ ಬೆಂಕಿ ಹಾಕಿದ. ಹುರಿಯುವುದೆಲ್ಲ ಸರಾಗವಾಗಿ ಆಯಿತು. ಬಣ್ಣ ಕಣ್ಣಿಗೆ ಕಾಣುತ್ತದಲ್ಲ. ಅಕ್ಕಿ ಹಾಕಿದ, ಮುಚ್ಚಳ ಮುಚ್ಚಿದ, ಗೆರೆ ಎಳೆದ. ಎಂದಿನಂತೆ ಕುರ್ಚಿ ಹಾಕಿಕೊಂಡು ಮೂಗೆತ್ತಿ ಕೂತ. ನಾಟಕದಲ್ಲೂ ಅವನು ಕಡಿಮೆಯವನಲ್ಲ. ಸುತ್ತ ನೂರೈವತ್ತು ಜನ ತಟ್ಟೆ ಹಿಡಿದು ನಿಂತಿದ್ದರು. ನಾರ್ಬರ್ಟ್ ಕೈಕಟ್ಟಿಕೊಂಡು ಹತ್ತಿರವೇ ಇದ್ದ.

ಹತ್ತು ನಿಮಿಷ ಕಳೆದಿರಬೇಕು. ಗಾಳಿ ತಿರುಗಿತು. ಬೆಂಕಿಯೆಲ್ಲ ಎಡಕ್ಕೆ ವಾಲಿ ಕೊಪ್ಪರಿಗೆಯ ಒಂದೇ ಮಗ್ಗುಲನ್ನು ನೆಕ್ಕತೊಡಗಿತು. ಗಡಿಯಾರಕ್ಕೆ ಗಾಳಿಯ ವಿಷಯ ಏನು ಗೊತ್ತು? ಗೆರೆಯ ಆಚೆ ನಿಂತ ನನ್ನ ಮೂಗಿಗೆ ಸಣ್ಣಗೆ ಸೀದ ವಾಸನೆ ಬಡಿಯಿತು. ಅಕ್ಕಿಯದ್ದಲ್ಲ, ಅಕ್ಕಿಯ ತಳದ ಕೊಬ್ಬಿನದ್ದು. ವಾಲ್ಸಿನ್‌ನ ಕಡೆ ನೋಡಿದೆ. ಅವನು ಕಣ್ಣು ಅರೆಮುಚ್ಚಿ, ಏನೋ ಪರಿಮಳ ಹೀರುವವನ ಹಾಗೆ ತಲೆದೂಗುತ್ತಿದ್ದ.

"ಸೀಯ್ತಿದೆ ಕಣೋ" ಎಂದು ಕೂಗಿದರೆ ಅನ್ನ ಉಳಿಯುತ್ತಿತ್ತು, ತಮ್ಮ ಉಳಿಯುತ್ತಿರಲಿಲ್ಲ. ಇನ್ನೆರಡು ನಿಮಿಷ ಬಿಟ್ಟರೆ ನಾರ್ಬರ್ಟ್‌ನ ಮೂಗಿಗೂ ಗೊತ್ತಾಗುತ್ತಿತ್ತು. ನಾನು ಗೆರೆ ದಾಟಿದೆ. ನೆಟ್ಟಗೆ ಹೋಗಿ, ಲಂಗದ ಅಂಚಿನಿಂದ ಹಿಡಿಕೆ ಹಿಡಿದು ಮುಚ್ಚಳವನ್ನು ಎರಡು ಬೆರಳಗಲ ಎತ್ತಿದೆ.

"ಎಷ್ಟು ಬೆಂದಿದೆ ನೋಡೋಣ ಅಂತ" ಎಂದೆ, ಎಲ್ಲರಿಗೂ ಕೇಳುವ ಹಾಗೆ.

ವಾಲ್ಸಿನ್ ಕುರ್ಚಿ ಉರುಳಿಸಿಕೊಂಡು ಎದ್ದ. "ಏಯ್! ಮತ್ತೆ ಎತ್ತಿದ್ಲಪ್ಪಾ! ಮೂವತ್ಮೂರು ವರ್ಷ ಆದ್ರೂ ಬುದ್ಧಿ ಬರ್ಲಿಲ್ವಲ್ಲೇ ನಿಂಗೆ!" ಧಡ್ಡನೆ ಮುಚ್ಚಳ ಅದುಮಿದ. ಜನ ಹೋ ಎಂದು ನಕ್ಕರು. ಆ ಗದ್ದಲದಲ್ಲಿ ನಾನು ಅವನ ಕಿವಿಯ ಹತ್ತಿರ ಬಾಗಿ "ಎಡಗಡೆ ತಳ ಹಿಡೀತಿದೆ. ಬೆಂಕಿ ಎಳಿ" ಎಂದೆ.

ಅವನು ನನ್ನ ಮುಖ ನೋಡಿದ. ಎಡಗಡೆಯ ಬೆಂಕಿ ನೋಡಿದ. ಆಮೇಲೆ ಮೊದಲಿಗಿಂತ ದೊಡ್ಡ ದನಿ ತೆಗೆದ.

"ನೋಡ್ರಪ್ಪಾ, ಇವಳಿಂದ ಹಬೆಯೆಲ್ಲ ಹೋಯ್ತು! ಈಗ ನಾನು ಬೆಂಕಿ ಬೇರೆ ಸರಿ ಮಾಡ್ಬೇಕು!" ಎನ್ನುತ್ತಾ ಎಡಗಡೆಯ ಕೊಳ್ಳಿಗಳನ್ನೆಲ್ಲ ಒದ್ದು ಆಚೆ ಹಾಕಿದ.

"ಅತ್ತೆ, ನೀವು ಈ ಕಡೆ ಬನ್ನಿ" ಎಂದು ನಾರ್ಬರ್ಟ್ ನನ್ನ ತೋಳು ಹಿಡಿದು ಗೆರೆಯಾಚೆ ಕರೆದೊಯ್ದ, ಮಕ್ಕಳನ್ನು ಕರೆದೊಯ್ಯುವ ಹಾಗೆ. ಎಲೋಡಿ ಮದುವೆಯ ಉಡುಪಿನಲ್ಲೇ ಓಡಿಬಂದು "ಅಜ್ಜಿ, ನನ್ ಮದ್ವೇಲೂ ಬಿಡ್ಲಿಲ್ವಾ ನೀನು!" ಎಂದು ಬಿದ್ದು ಬಿದ್ದು ನಕ್ಕಳು. ನನ್ನ ಕಿವಿ ಬಿಸಿಯಾಯಿತು. ಎಪ್ಪತ್ನಾಲ್ಕನೇ ವಯಸ್ಸಿನಲ್ಲೂ ನಗೆಪಾಟಲಾಗುವುದು ಸುಲಭವಲ್ಲ, ಬೇಕೆಂದೇ ಆದರೂ.

ಅನ್ನ ಉದುರುದುರಾಗಿ, ಕಂದು ಬಣ್ಣದಲ್ಲಿ, ಒಂದೊಂದು ಅಗುಳೂ ಬೆಂದು ಬಂತು. ಜನ ಎರಡೆರಡು ಸಲ ಹಾಕಿಸಿಕೊಂಡರು. ಯುಲಾಲಿ ಮುಚ್ಚಳ ಎತ್ತಿದರೂ ಹೀಗೆ ಮಾಡಿದನಲ್ಲ, ಎಂಥ ಕೈ ಇವನದು ಎಂದು ಮಾತಾಡಿಕೊಂಡರು. ನಾರ್ಬರ್ಟ್ ಕೂಡ ಬಂದು "ಮಾವ, ಇದು ನನ್ನ ಥರ್ಮಾಮೀಟರಿಗೆ ಆಗೋ ಕೆಲಸ ಅಲ್ಲ" ಎಂದ. ವಾಲ್ಸಿನ್ ಬಿಂಕದಿಂದ ಮೂಗು ಮುಟ್ಟಿಕೊಂಡ. ನನಗೆ ಅವನ ತಲೆಗೊಂದು ಮೊಟಕಬೇಕೆನಿಸಿತು.

ಎಲ್ಲರೂ ಕುಣಿಯಲು ಹೋದ ಮೇಲೆ ಅವನು ಕೊಪ್ಪರಿಗೆಯ ತಳ ಕೆರೆಯುತ್ತಿದ್ದ. ತಳ ಹಿಡಿದ ಆ ಗರಿಗರಿ ಅನ್ನ ಅಡುಗೆ ಮಾಡಿದವನ ಪಾಲು. ನಮ್ಮಪ್ಪ ಅದನ್ನು ಅಮ್ಮನಿಗೂ ಕೊಟ್ಟವರಲ್ಲ. ವಾಲ್ಸಿನ್ ಅದನ್ನು ತಟ್ಟೆಗೆ ಹಾಕಿಕೊಂಡು, ತಾನೇ ಎಳೆದ ಗೆರೆಯನ್ನು ಬೂಟಿನಿಂದ ಅಳಿಸುತ್ತಾ ನನ್ನ ಬಳಿ ಬಂದು ಕೂತ. ತಟ್ಟೆಯನ್ನು ನನ್ನ ತೊಡೆಯ ಮೇಲಿಟ್ಟ. ತಾನು ತಿನ್ನಲಿಲ್ಲ.

"ವಾಸನೆ ಹೇಗಿದೆ?" ಎಂದ.

"ಅಪ್ಪ ಮಾಡ್ತಿದ್ರಲ್ಲ, ಹಾಗೇ ಇದೆ."

ಅವನು ಬೂಟಿನ ಮಣ್ಣು ಕೊಡವಿಕೊಂಡು, ತಪ್ಪೆಲ್ಲ ನನ್ನದೇ ಎನ್ನುವ ದನಿಯಲ್ಲಿ ಹೇಳಿದ:

"ಮುಂದಿನ ತಿಂಗಳು ಚರ್ಚಿನ ಹಬ್ಬಕ್ಕೆ ಕರ್ದಿದಾರೆ ಅಕ್ಕಾ. ಅವತ್ತು ಸ್ವಲ್ಪ ಬೇಗ ಎತ್ತು."